ಶಿಬಿರಕ್ಕೆ ಹೊರಟ ಮಕ್ಕಳು, ತಯಾರಾಗದ ದೊಡ್ಡವರು: ಯಾನುಷ್ ಕೋರ್ಚಾಕ್ ಎಂಬ ಡಾಕ್ಟರ್ ಕತೆ

ಜೂನ್ ಬಂತೆಂದರೆ ಅಮೆರಿಕದ ಸಾವಿರಾರು ಯಹೂದಿ ಮನೆಗಳಲ್ಲಿ ಒಂದು ಗಡಿಬಿಡಿ ಶುರುವಾಗುತ್ತೆ. ಮಕ್ಕಳನ್ನ ಬೇಸಿಗೆ ಶಿಬಿರಕ್ಕೆ ಕಳಿಸಬೇಕು. ಒಂದೆರಡು ದಿನಕ್ಕಲ್ಲ, ಮೂರು ವಾರ, ನಾಲ್ಕು ವಾರ, ಕೆಲವೊಮ್ಮೆ ಪೂರ್ತಿ ಎರಡು ತಿಂಗಳು. ಪ್ರತಿ ಅಂಗಿ, ಪ್ರತಿ ಕಾಲುಚೀಲಕ್ಕೂ ಹೆಸರಿನ ಚೀಟಿ ಅಂಟಿಸಬೇಕು. ಶುಕ್ರವಾರ ಸಂಜೆ ಸಬ್ಬತ್ ಪ್ರಾರ್ಥನೆಗೆ ಬಿಳಿ ಬಟ್ಟೆ ಇಡಬೇಕು. ಡಾಕ್ಟರ್ ಹತ್ತಿರ ಫಾರಂ ತುಂಬಿಸಬೇಕು. ಬಹಳಷ್ಟು ಶಿಬಿರಗಳಲ್ಲಿ ಫೋನ್‌ಗೆ ಅವಕಾಶವಿಲ್ಲ, ಪತ್ರವೇ ಬರೀಬೇಕು. ಹಾಗಾಗಿ ವಿಳಾಸ ಬರೆದು ಸ್ಟಾಂಪ್ ಅಂಟಿಸಿದ ಲಕೋಟೆಗಳ ಕಟ್ಟೊಂದು ಪೆಟ್ಟಿಗೆಗೆ ಸೇರುತ್ತೆ. 1902ರಲ್ಲಿ ನ್ಯೂಯಾರ್ಕ್‌ನ ಬಡ ಯಹೂದಿ ಹುಡುಗರಿಗಾಗಿ ಸರ್ಪ್ರೈಸ್ ಲೇಕ್ ಕ್ಯಾಂಪ್ ಶುರುವಾದಾಗಿನಿಂದ ಇದು ಅಲ್ಲಿ ಒಂದು ಸಂಪ್ರದಾಯವೇ ಆಗಿಬಿಟ್ಟಿದೆ.

ಈ ತಯಾರಿಯಲ್ಲಿ ಅಪ್ಪ ಅಮ್ಮಂದಿರಿಗೆ ಕೊಡುವ ಸಲಹೆಗಳು ಬಹಳ ಇವೆ. ನನಗೆ ಮುಖ್ಯ ಅನಿಸಿದ್ದು ಒಂದು. ಅಲ್ಲಿ ಇಷ್ಟ ಆಗದಿದ್ದರೆ ಹೇಳು, ಬಂದು ಕರ್ಕೊಂಡು ಹೋಗ್ತೀವಿ ಅಂತ ಮಗುವಿಗೆ ಮಾತು ಕೊಡಬೇಡಿ ಅನ್ನೋದು. ಕಾರಣ ಸರಳ. ಆ ಮಾತು ಕೊಟ್ಟರೆ, ನಿನ್ನ ಕೈಲಿ ಇದು ಆಗಲ್ಲ ಅಂತ ಮೊದಲೇ ಹೇಳಿದ ಹಾಗೆ. ಆಮೇಲೆ ಮಗು ಅತ್ತು ಪತ್ರ ಬರೆದಾಗ ಹೋಗದೇ ಇದ್ದರೆ, ಸುಳ್ಳು ಹೇಳಿದ ಹಾಗೂ ಆಗುತ್ತೆ. ಅಂದರೆ ತಯಾರಾಗಬೇಕಾದದ್ದು ಮಗು ಒಂದೇ ಅಲ್ಲ, ಕಳಿಸುವ ದೊಡ್ಡವರೂ ಆಗಬೇಕು.

ಮಗುವಿಗೆ ನಿಜ ಹೇಳಬೇಕು, ಮಗುವಿನ ಜೊತೆ ಮಾತಾಡೋದನ್ನ ದೊಡ್ಡವರು ಕಲೀಬೇಕು ಎಂಬುದನ್ನ ನೂರಿಪ್ಪತ್ತು ವರ್ಷದ ಹಿಂದೆ, ಇಂಥದೇ ಒಂದು ಯಹೂದಿ ಬೇಸಿಗೆ ಶಿಬಿರದಲ್ಲಿ, ಚೆನ್ನಾಗಿ ಪೆಟ್ಟು ತಿಂದು ಕಲಿತವರು ಯಾನುಷ್ ಕೋರ್ಚಾಕ್. ಜಗತ್ತು ಅವರನ್ನ ನೆನೆಯೋದು ಸಾವಿನಿಂದ. ಅನಾಥಾಲಯದ ಮಕ್ಕಳ ಜೊತೆ ನಾಜಿ ಸಾವಿನ ಶಿಬಿರಕ್ಕೆ ಹೋದ ಡಾಕ್ಟರ್ ಅಂತ. ಆದರೆ ಆ ಸಾವನ್ನ ಮೊದಲಿಟ್ಟು ಓದಿದರೆ ಸಂತನೊಬ್ಬ ಸಿಗ್ತಾನೆ, ಮನುಷ್ಯ ಕೈತಪ್ಪಿ ಹೋಗ್ತಾನೆ.

ಹುಟ್ಟು ಹೆಸರು ಹೆನ್ರಿಕ್ ಗೋಲ್ಡ್‌ಷ್ಮಿಟ್. ಊರು ವಾರ್ಸಾ, ಆಗ ರಷ್ಯಾದ ಜಾರ್ ಆಳ್ವಿಕೆಯಲ್ಲಿದ್ದ ಪೋಲೆಂಡ್. ಹುಟ್ಟಿದ್ದು 1878ರ ಜುಲೈ 22, ಇಲ್ಲವೇ 1879ರ ಅದೇ ದಿನ. ಅಪ್ಪ ಜನನ ದಾಖಲೆ ಮಾಡಿಸೋದನ್ನ ಮುಂದೂಡುತ್ತಾ ಹೋದ್ದರಿಂದ ವರ್ಷದ ಗೊಂದಲ ಕೊನೆತನಕ ಉಳೀತು. ಅಪ್ಪ ವಕೀಲರು, ಅಜ್ಜ ಡಾಕ್ಟರ್. ಮನೆಯಲ್ಲಿ ಪೋಲಿಷ್ ಭಾಷೆ, ಪೋಲಿಷ್ ಪುಸ್ತಕ, ಪೋಲಿಷ್ ನಡೆನುಡಿ. ತಾನು ಯಹೂದಿ ಅನ್ನೋದು ಹುಡುಗನಿಗೆ ಸರಿಯಾಗಿ ಗೊತ್ತೇ ಇರಲಿಲ್ಲ. ಗೊತ್ತಾದದ್ದು ಐದನೇ ವಯಸ್ಸಿನಲ್ಲಿ, ಸಾಕಿದ ಕ್ಯಾನರಿ ಹಕ್ಕಿ ಸತ್ತಾಗ. ಅಂಗಳದಲ್ಲಿ ಹೂಳಿ ಮೇಲೊಂದು ಶಿಲುಬೆ ನೆಡಲು ಹೋದ. ಕಟ್ಟಡದ ಕಾವಲುಗಾರನ ಮಗ ಬಂದು ತಡೆದ. ಹಕ್ಕಿಯೂ ಯಹೂದಿ, ನೀನೂ ಯಹೂದಿ, ನಿಮಗೆ ಶಿಲುಬೆ ಇಲ್ಲ ಅಂದ. ಹೆಸರು ಕೇಳಿದ ಕೂಡಲೇ ಜಾತಿ ಲೆಕ್ಕ ಹಾಕುವ ನಮ್ಮ ಊರುಗಳಲ್ಲಿ ಬೆಳೆದವರಿಗೆ ಈ ಪ್ರಸಂಗಕ್ಕೆ ವಿವರಣೆ ಬೇಕಿಲ್ಲ.

ಹೆನ್ರಿಕ್ ಶಾಲೆಯಲ್ಲಿರುವಾಗಲೇ ಅಪ್ಪನಿಗೆ ಮಾನಸಿಕ ಕಾಯಿಲೆ ಶುರುವಾಯ್ತು. ಆಸ್ಪತ್ರೆ, ಚಿಕಿತ್ಸೆ, ಸಾಲ. 1896ರಲ್ಲಿ ಅಪ್ಪ ತೀರಿಕೊಂಡರು. ಸುಖವಾಗಿದ್ದ ಕುಟುಂಬ ಬೀದಿಗೆ ಬರೋದು ಒಂದೇ ಬಾಕಿ ಇತ್ತು. ಹುಡುಗ ಮನೆಪಾಠ ಹೇಳಿ ಅಮ್ಮ, ಸೋದರಿಯನ್ನ ಸಾಕಿದ. ಅಪ್ಪನ ಹುಚ್ಚು ತನಗೂ ಬರಬಹುದು ಎಂಬ ಹೆದರಿಕೆ ಮಾತ್ರ ಜೀವನಪೂರ್ತಿ ಬೆನ್ನು ಬಿಡಲಿಲ್ಲ. ಮದುವೆ ಬೇಡ, ಸ್ವಂತ ಮಕ್ಕಳು ಬೇಡ ಎಂಬ ತೀರ್ಮಾನದ ಹಿಂದೆ ಇದ್ದದ್ದೂ ಇದೇ. 1898ರಲ್ಲಿ ಒಂದು ನಾಟಕ ಸ್ಪರ್ಧೆಗೆ ಕಳಿಸಲು ಗುಪ್ತನಾಮ ಬೇಕಾಯ್ತು. ಒಂದು ಹಳೆಯ ಪೋಲಿಷ್ ಕಾದಂಬರಿಯ ನಾಯಕನ ಹೆಸರನ್ನ ಎತ್ತಿಕೊಂಡರು. ಯಹೂದಿ ಹೆಸರು ಹೋಗಿ ಪಕ್ಕಾ ಪೋಲಿಷ್ ಹೆಸರು ಬಂತು. ಅದೇ ವರ್ಷ ವೈದ್ಯಕೀಯ ಓದಲು ಸೇರಿದರು. ಓದಿಗಿಂತ ಹೆಚ್ಚು ಹೊತ್ತು ಕಳೆದದ್ದು ವಾರ್ಸಾದ ಕೊಳೆಗೇರಿಗಳಲ್ಲಿ, ಬೀದಿ ಮಕ್ಕಳ ಜೊತೆ. 1901ರಲ್ಲಿ ಬಂದ ಮೊದಲ ಕಾದಂಬರಿ ಕೂಡ ಬೀದಿ ಮಕ್ಕಳ ಬಗ್ಗೆಯೇ.

ಈಗ ಶಿಬಿರಕ್ಕೆ ಬರೋಣ. 1876ರಲ್ಲಿ ಸ್ವಿಟ್ಜರ್‌ಲೆಂಡಿನ ಜೂರಿಕ್‌ನಲ್ಲಿ ಪಾದ್ರಿಯೊಬ್ಬರು ಬಡ ಮಕ್ಕಳನ್ನ ಬೇಸಿಗೆಯಲ್ಲಿ ಗುಡ್ಡಗಾಡಿಗೆ ಕರೆದೊಯ್ದದ್ದು ಯುರೋಪಿನ ತುಂಬ ಸುದ್ದಿಯಾಗಿ, ನಗರದಿಂದ ನಗರಕ್ಕೆ ಹಬ್ಬಿತು. ಕಾರ್ಖಾನೆ ನಗರಗಳಲ್ಲಿ ಕ್ಷಯ ರೋಗ, ನೆಲಮಾಳಿಗೆ ವಾಸ, ಬಿಸಿಲನ್ನೇ ಕಾಣದ ಮಕ್ಕಳು. ಅವರಿಗೆ ಒಂದು ತಿಂಗಳು ಹಾಲು, ರೊಟ್ಟಿ, ಕಾಡಿನ ಗಾಳಿ. ಹೋಗುವಾಗ ತೂಕ ಮಾಡೋದು, ಬರುವಾಗ ಮತ್ತೆ ತೂಕ ಮಾಡೋದು; ಎಷ್ಟು ಕಿಲೋ ಏರಿತು ಅನ್ನೋದೇ ಆ ಕಾಲದ ಶಿಬಿರಗಳಿಗೆ ಗೆಲುವಿನ ಲೆಕ್ಕ. ವಾರ್ಸಾದಲ್ಲಿ 1882ರಲ್ಲಿ ಒಂದು ಬೇಸಿಗೆ ಶಿಬಿರಗಳ ಸಂಘ ಹುಟ್ಟಿಕೊಂಡಿತು. ಕ್ರೈಸ್ತ ಮಕ್ಕಳನ್ನೂ ಯಹೂದಿ ಮಕ್ಕಳನ್ನೂ ಸಂಘ ಕಳಿಸ್ತಾ ಇತ್ತು. ಆದರೆ ಒಟ್ಟಿಗಲ್ಲ. ಮಿಖಾವುಫ್ಕಾ ಎಂಬ ಶಿಬಿರ ಯಹೂದಿ ಹುಡುಗರಿಗೆ, ವಿಲ್ಹೆಲ್ಮುಫ್ಕಾ ಕ್ರೈಸ್ತ ಹುಡುಗರಿಗೆ. ಬಡತನ ಒಂದೇ, ಕೆಮ್ಮು ಒಂದೇ, ಕಾಡು ಮಾತ್ರ ಬೇರೆ ಬೇರೆ.

1904ರ ಬೇಸಿಗೆಯಲ್ಲಿ ಇನ್ನೂ ಮೆಡಿಕಲ್ ವಿದ್ಯಾರ್ಥಿಯಾಗಿದ್ದ ಕೋರ್ಚಾಕ್ ಮಿಖಾವುಫ್ಕಾಗೆ ಮೇಲ್ವಿಚಾರಕನಾಗಿ ಹೋದರು. ಸುಮಾರು ಮೂವತ್ತು ಹುಡುಗರ ಗುಂಪು, ನಾಲ್ಕು ವಾರ. ತಯಾರಿ ಅಂದರೆ ಆಟದ ಸಾಮಾನು ಕೂಡಿಸಿಕೊಂಡದ್ದು. ಮಕ್ಕಳು ಖುಷಿಯಾಗಿರ್ತಾರೆ, ನಾನು ಅವರ ಖುಷಿ ನೋಡ್ತಾ ಇರ್ತೀನಿ ಎಂಬ ಕನಸು ಬೇರೆ. ಮಕ್ಕಳಿಗೆ ಸ್ವಾತಂತ್ರ್ಯ ಕೊಡಬೇಕು ಅಂತ, ಊಟದ ಮೇಜಿನಲ್ಲಿ ಎಲ್ಲಿ ಬೇಕಾದರೂ ಕೂತ್ಕೊಳ್ಳಿ, ಯಾವ ಹಾಸಿಗೆ ಬೇಕೋ ಆರಿಸ್ಕೊಳ್ಳಿ ಅಂದರು. ಕೇಳೋಕೆ ಎಷ್ಟು ಚೆಂದ! ಆದದ್ದು ರಂಪ. ಗಟ್ಟಿ ಹುಡುಗರು ಒಳ್ಳೇ ಜಾಗ ಹಿಡಿದರು, ಮೆತ್ತನೆಯವರು ಅತ್ತರು, ಗಳಿಗೆಗೊಮ್ಮೆ ಜಾಗ ಬದಲಾಯಿತು, ಜಗಳ ಹೊತ್ತಿಕೊಂಡಿತು. ಮೂವತ್ತು ಮಕ್ಕಳಲ್ಲಿ ಒಬ್ಬನ ಹೆಸರೂ ಮೇಲ್ವಿಚಾರಕನಿಗೆ ಗೊತ್ತಿಲ್ಲ. ಹೆಸರು ಗೊತ್ತಿಲ್ಲದ ಗುಂಪನ್ನ ಸುಮ್ಮನಿರಿಸಲು ಉಳಿಯೋದು ಕೂಗಾಟ ಒಂದೇ.

ರಾತ್ರಿ ಇನ್ನೂ ಕಷ್ಟ. ಮಲಗುವ ಕೋಣೆಯ ಕತ್ತಲಲ್ಲಿ ಯಾರೋ ಸಿಳ್ಳೆ ಹೊಡೆದ. ಇನ್ನೊಬ್ಬ ಹೊಡೆದ. ಮಕ್ಕಳ ಹಕ್ಕಿನ ತಂದೆ ಅಂತ ಮುಂದೆ ಜಗತ್ತು ಕರೆದ ಮನುಷ್ಯ ಆ ರಾತ್ರಿ ಮಾಡಿದ್ದೇನು? ಒಬ್ಬ ಹುಡುಗನ ಕಿವಿ ಹಿಂಡಿದರು. ಹೊರಗೆ ನಾಯಿ ಬಿಟ್ಟಿದೆ, ವೆರಾಂಡಾಕ್ಕೆ ತಳ್ತೀನಿ ಅಂತ ಹೆದರಿಸಿದರು. ಆಮೇಲೆ ಹುಡುಗರು ಗುಟ್ಟಾಗಿ ಕೋಲು ಕೂಡಿಸತೊಡಗಿದರು, ದಂಗೆಯ ತಯಾರಿ. ಇದನ್ನೆಲ್ಲ ಅವರ ಮೇಲೆ ಯಾರೋ ಹೊರಿಸಿದ ಆರೋಪ ಅಂದ್ಕೋಬೇಡಿ. ಹದಿನೈದು ವರ್ಷದ ನಂತರ ತಮ್ಮ ಮುಖ್ಯ ಪುಸ್ತಕದಲ್ಲಿ ಅವರೇ ಬರೆದುಕೊಂಡದ್ದು. ಮಕ್ಕಳ ಶಿಕ್ಷಣದ ಪುಸ್ತಕ ಬರೆಯುವವರು ಸಾಮಾನ್ಯವಾಗಿ ಇನ್ನೊಬ್ಬರ ತಪ್ಪಿನಿಂದ ಶುರು ಮಾಡ್ತಾರೆ. ಇವರು ತಮ್ಮ ಕೈ ಮುಂದೆ ಚಾಚಿ, ಈ ಕೈ ಮಗುವಿನ ಕಿವಿ ಹಿಂಡಿದೆ ಎಂದರು.

ತಿರುವು ಬಂದದ್ದು ಕಾಡಿನಲ್ಲಿ. ಒಂದು ದಿನ ಮಕ್ಕಳ ಜೊತೆ ಕೂತು ಮಾತಾಡಿದರು. ಅದುವರೆಗೆ ಮಕ್ಕಳಿಗೆ ಹೇಳ್ತಾ ಇದ್ದರು. ಅವತ್ತು ಮಕ್ಕಳೊಂದಿಗೆ ಮಾತಾಡಿದರು. ನೀವು ಹೀಗಿರಬೇಕು ಅಂತ ಅಲ್ಲ, ನಿಮಗೆ ಹೇಗಿರಬೇಕು ಅನ್ಸುತ್ತೆ ಅಂತ. ಆ ಒಂದು ವಿಭಕ್ತಿ ಪ್ರತ್ಯಯದ ವ್ಯತ್ಯಾಸ ಇದೆಯಲ್ಲ, ಮಕ್ಕಳಿಗೆ ಮತ್ತು ಮಕ್ಕಳೊಂದಿಗೆ, ಕೋರ್ಚಾಕ್ ಮುಂದೆ ಕಟ್ಟಿದ್ದೆಲ್ಲ ಅದರ ಮೇಲೆ ನಿಂತಿದೆ. ಮಕ್ಕಳು ಹೇಳಿದ್ದೂ ಕೆಲಸಕ್ಕೆ ಬರುವಂಥದ್ದೇ. ಎಲ್ಲಿ ಕೂರಬೇಕು, ಜಗಳ ಯಾಕೆ ಬರುತ್ತೆ, ಯಾವ ನಿಯಮ ಬೇಕು, ಯಾವುದು ಬೇಡ ಅಂತ ಅವರಿಗೆ ಇವರಿಗಿಂತ ಚೆನ್ನಾಗಿ ಗೊತ್ತಿತ್ತು. ನಿಯಮವೇ ಇಲ್ಲದ ಸ್ವಾತಂತ್ರ್ಯ ಗಟ್ಟಿಗರ ಸ್ವಾತಂತ್ರ್ಯ ಅಷ್ಟೇ ಅನ್ನೋದನ್ನ ಮೆತ್ತನೆ ಹುಡುಗರು ಮೊದಲ ದಿನದ ಊಟಕ್ಕೇ ಕಂಡುಕೊಂಡಿದ್ದರು.

ಮಧ್ಯೆ ರಷ್ಯಾ-ಜಪಾನ್ ಯುದ್ಧ ಬಂತು. 1905ರಲ್ಲಿ ಪದವಿ ಸಿಕ್ಕ ಕೂಡಲೇ ಸೇನಾ ವೈದ್ಯರಾಗಿ ಮಂಚೂರಿಯಾಕ್ಕೆ ಹೋಗಬೇಕಾಯ್ತು. ವಾಪಸ್ ಬಂದು ವಾರ್ಸಾದ ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ. 1907ರಲ್ಲಿ ಮತ್ತೆ ಮಿಖಾವುಫ್ಕಾ. ಈ ಸಲದ ತಯಾರಿ ಬೇರೆ ಥರ ಇತ್ತು. ಹೊರಡುವ ಮುಂಚೆಯೇ ಮಕ್ಕಳ ಪಟ್ಟಿ ತರಿಸಿಕೊಂಡು ಹೆಸರುಗಳನ್ನ ಬಾಯಿಪಾಠ ಮಾಡಿದ್ದರು. ಇಷ್ಟೇ? ಇಷ್ಟೇ. ಆದರೆ ಮನೆಯಿಂದ ಮೊದಲ ಸಲ ಹೊರಗೆ ಬಂದ, ಅಮ್ಮನ ಸೆರಗು ಈಗಷ್ಟೇ ಬಿಟ್ಟ ಎಂಟು ವರ್ಷದ ಹುಡುಗನನ್ನ ಅಪರಿಚಿತ ದೊಡ್ಡವನೊಬ್ಬ ಹೆಸರು ಹಿಡಿದು ಕರೆದರೆ ಏನಾಗುತ್ತೆ ಅಂತ ಊಹಿಸಿ. ಇವತ್ತಿನ ಶಿಬಿರಗಳು ಮನೆಯವರಿಂದ ಮಗುವಿನ ಬಗ್ಗೆ ನಾಲ್ಕು ಪುಟದ ಫಾರಂ ತುಂಬಿಸಿಕೊಳ್ಳುತ್ತವೆ: ಅಡ್ಡಹೆಸರೇನು, ಕತ್ತಲೆ ಹೆದರಿಕೆಯಾ, ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ತಾನಾ. ಆ ಫಾರಂನ ಮುತ್ತಜ್ಜ ಕೋರ್ಚಾಕ್ ಬಾಯಿಪಾಠ ಮಾಡಿದ ಹೆಸರಿನ ಪಟ್ಟಿ.

1908ರಲ್ಲಿ ವಿಲ್ಹೆಲ್ಮುಫ್ಕಾಗೆ, ಅಂದರೆ ಕ್ರೈಸ್ತ ಹುಡುಗರ ಶಿಬಿರಕ್ಕೆ ಹೋದರು. ಈ ಶಿಬಿರಗಳಿಂದ ಎರಡು ಪುಸ್ತಕ ಬಂದವು. 1910ರದ್ದು ಯಹೂದಿ ಹುಡುಗರದ್ದು, ಹೆಸರು ಮೋಷ್ಕಿ, ಯೋಸ್ಕಿ ಮತ್ತು ಸ್ರೂಲೆ. ಮರುವರ್ಷದ್ದು ಕ್ರೈಸ್ತ ಹುಡುಗರದ್ದು, ಯೂಜ್ಕಿ, ಯಾಷ್ಕಿ ಮತ್ತು ಫ್ರಾಂಕಿ. ಹೆಸರುಗಳ ರಾಜಕೀಯ ನೋಡಿ. ಮೋಷೆಕ್, ಯೋಸೆಕ್, ಸ್ರೂಲ್ ಎಲ್ಲಾ ಮೋಸೆಸ್, ಜೋಸೆಫ್, ಇಸ್ರೇಲ್ ಎಂಬ ಹೆಸರುಗಳ ಮನೆಮಾತಿನ ರೂಪ. ಪೋಲಿಷ್ ಬೀದಿಯಲ್ಲಿ ಈ ಹೆಸರುಗಳನ್ನ ಬೈಗುಳದ ಹಾಗೆ, ಯಹೂದಿಗಳನ್ನ ಗೇಲಿ ಮಾಡಲು ಬಳಸ್ತಾ ಇದ್ದರು. ಅದನ್ನೇ ಎತ್ತಿ ಮಕ್ಕಳ ಪುಸ್ತಕದ ಮುಖಪುಟಕ್ಕೆ ಹಾಕಿದರು ಕೋರ್ಚಾಕ್. ಇನ್ನೊಂದು ಸೂಕ್ಷ್ಮ: ಯಹೂದಿ ಯೋಸೆಕ್ ಮತ್ತು ಕ್ರೈಸ್ತ ಯೂಜೆಕ್ ಇಬ್ಬರೂ ಜೋಸೆಫ್‌ಗಳೇ. ಬೈಬಲ್‌ನ ಒಂದೇ ಹೆಸರು, ಎರಡು ಶಿಬಿರ. ಎರಡೂ ಪುಸ್ತಕ ಅಕ್ಕಪಕ್ಕ ಇಟ್ಟು ಓದಿದರೆ ಹುಡುಗರ ಹಸಿವು, ಜಗಳ, ಮನೆಯ ನೆನಪು, ಕಾಡಿನ ಬೆರಗು ಒಂದೇ ಥರ ಇವೆ. ಭಾಷಣ ಮಾಡದೇ ಹೇಳಬಹುದಾದ ರಾಜಕೀಯ ಇದು.

ಯಹೂದಿ ಹುಡುಗರ ಮಾತು ಯಿಡ್ಡಿಷ್. ಕೋರ್ಚಾಕ್‌ಗೆ ಅದು ಅಷ್ಟಕ್ಕಷ್ಟೆ. ಪೋಲಿಷ್ ಮನೆಯಲ್ಲಿ ಬೆಳೆದ ಈ ಯಹೂದಿ, ತನ್ನದೇ ಸಮುದಾಯದ ಬಡ ಮಕ್ಕಳ ಮಾತನ್ನ ಆ ಮಕ್ಕಳಿಂದಲೇ ಕೇಳಿ ತಿಳಿಯಬೇಕಾಯ್ತು. ಶಿಬಿರ ಅವರಿಗೆ ಯಹೂದಿತನದ ಪಾಠಶಾಲೆಯೂ ಆಯ್ತು ಅನ್ನಬಹುದು.

ಶಿಬಿರದಲ್ಲೇ ಮಕ್ಕಳ ನ್ಯಾಯಾಲಯವನ್ನೂ ಪರೀಕ್ಷೆ ಮಾಡಿ ನೋಡಿದ್ದರು. ತಪ್ಪು ಮಾಡಿದವನ ವಿಚಾರಣೆ ಹುಡುಗರೇ ಮಾಡೋದು. ಮನಸ್ಸಿಗೆ ಒಂದು ಯೋಚನೆ ಗಟ್ಟಿಯಾಗಿ ಕೂತಿತು: ನಾಲ್ಕು ವಾರದ ಶಿಬಿರದಲ್ಲಿ ಇಷ್ಟು ಸಾಧ್ಯ ಅಂದರೆ, ವರ್ಷಪೂರ್ತಿ ಯಾಕೆ ಆಗಬಾರದು? ಆಸ್ಪತ್ರೆಯಲ್ಲಿ ಮಗುವಿನ ಜ್ವರ ಇಳಿಸಿ ಅದೇ ಒದ್ದೆ ನೆಲಮಾಳಿಗೆಗೆ ವಾಪಸ್ ಕಳಿಸೋದು ಅವರಿಗೆ ಬೇಸರ ತಂದಿತ್ತು. ಹೆಸರು ಮಾಡಿದ್ದ ಡಾಕ್ಟರ್. ಸಿರಿವಂತರಿಂದ ಚೆನ್ನಾಗಿ ಫೀಸು ತಗೊಂಡು ಬಡವರನ್ನ ಪುಕ್ಕಟೆ ನೋಡ್ತಾ ಇದ್ದವರು. ಅದನ್ನೆಲ್ಲ ಬಿಟ್ಟು 1912ರಲ್ಲಿ ವಾರ್ಸಾದ ಕ್ರೊಖ್ಮಾಲ್ನಾ ಬೀದಿಯ 92ನೇ ನಂಬರಿನ ಹೊಸ ಕಟ್ಟಡದಲ್ಲಿ ಯಹೂದಿ ಅನಾಥ ಮಕ್ಕಳ ಮನೆಯ ನಿರ್ದೇಶಕರಾದರು.

ಇಲ್ಲೊಬ್ಬರ ಹೆಸರನ್ನ ಜೋರಾಗಿ ಹೇಳಬೇಕು. ಸ್ಟೆಫಾನಿಯಾ ವಿಲ್ಚಿನ್‌ಸ್ಕಾ. ಕೋರ್ಚಾಕ್ ಯುದ್ಧಕ್ಕೆ ಹೋದಾಗ, ಬರೆಯುವಾಗ, ರೇಡಿಯೋದಲ್ಲಿ ಮಾತಾಡುವಾಗ ಆ ಮನೆಯನ್ನ ನಡೆಸಿದ್ದು ಈ ಹೆಂಗಸು. ಬಟ್ಟೆ, ಊಟ, ಸ್ನಾನ, ಲೆಕ್ಕ, ಜ್ವರ, ಅಳು ಎಲ್ಲ. 1939ರ ಹೊತ್ತಿಗೆ ಪ್ಯಾಲೆಸ್ಟೈನ್‌ನ ಒಂದು ಕಿಬ್ಬುಟ್ಸ್‌ನಲ್ಲಿ ಸುರಕ್ಷಿತವಾಗಿದ್ದರು. ಯುದ್ಧದ ಮೋಡ ನೋಡಿ ಮಕ್ಕಳ ಬಳಿಗೆ ವಾಪಸ್ ಬಂದರು. ಕೊನೆಯ ರೈಲಿಗೂ ಹತ್ತಿದರು. ಆದರೆ ಪ್ರತಿಮೆಗಳು ಕೋರ್ಚಾಕ್‌ಗೆ. ಈ ಕತೆ ಹೇಳುವಾಗ ಪ್ರತಿ ಸಲವೂ ಹೀಗೇ ಆಗುತ್ತೆ, ಗಂಡಸಿನ ತ್ಯಾಗಕ್ಕೆ ಅಧ್ಯಾಯ, ಹೆಂಗಸಿನ ತ್ಯಾಗಕ್ಕೆ ಅಡಿಟಿಪ್ಪಣಿ.

ಅನಾಥರ ಮನೆ ಅಂದರೂ ಎಲ್ಲ ಮಕ್ಕಳೂ ಪೂರ್ತಿ ಅನಾಥರಲ್ಲ. ಎಷ್ಟೋ ಮಕ್ಕಳಿಗೆ ಅಪ್ಪ ಇಲ್ಲ, ಆದರೆ ಅಮ್ಮ ಇದ್ದಳು. ಸಾಕುವ ಶಕ್ತಿ ಇರಲಿಲ್ಲ. ಮಗುವನ್ನ ಕರೆತಂದು ಬಿಟ್ಟು ಹೋಗುವ ಆ ಅಮ್ಮಂದಿರ ಮನಸ್ಸು ಕೋರ್ಚಾಕ್‌ಗೆ ಗೊತ್ತಿತ್ತು. ಶನಿವಾರ ಮಕ್ಕಳು ಮನೆಯವರನ್ನ ನೋಡಿ ಬರ್ತಾ ಇದ್ದರು. ಸಂಬಂಧ ಕಡಿಯಬಾರದು ಅನ್ನೋದು ನಿಯಮ. ಹೊಸದಾಗಿ ಬಂದ ಮಗುವಿಗೆ ಮೊದಲ ಮೂರು ತಿಂಗಳು ಒಬ್ಬ ಪಾಲಕ ಇರ್ತಾ ಇದ್ದ. ದೊಡ್ಡವರಲ್ಲ, ಅಲ್ಲೇ ಬೆಳೆದ ಇನ್ನೊಂದು ಮಗು. ಹೊಸಬ ತನ್ನ ಕಷ್ಟವನ್ನ ನೋಟ್‌ಬುಕ್‌ನಲ್ಲಿ ಬರೀತಾನೆ, ಪಾಲಕ ಉತ್ತರ ಬರೀತಾನೆ. ಮನೆ ಬಿಟ್ಟು ಬಂದ ಸಂಕಟ ಏನು ಅಂತ ಡಾಕ್ಟರ್‌ಗಿಂತ ಚೆನ್ನಾಗಿ ಗೊತ್ತಿರೋದು ಹೋದ ವರ್ಷ ಅದೇ ಸಂಕಟ ಪಟ್ಟವನಿಗಲ್ಲವೇ?

ನ್ಯಾಯಾಲಯ ಇಲ್ಲಿ ಪೂರ್ಣರೂಪ ಪಡೀತು. ಆ ವಾರ ತಮ್ಮ ಮೇಲೆ ಯಾವುದೇ ದೂರಿಲ್ಲದ ಮಕ್ಕಳಲ್ಲಿ ಚೀಟಿ ಎತ್ತಿ ಐವರು ನ್ಯಾಯಾಧೀಶರ ಆಯ್ಕೆ. ಕಾಯಿದೆಯ ಕಲಮುಗಳಿಗೆ ನಂಬರು. ಮೊದಲ ತೊಂಬತ್ತೊಂಬತ್ತೂ ಕ್ಷಮಿಸುವ ಕಲಮುಗಳೇ. ಸಾವಿರಕ್ಕೆ ಹೋದರೆ ಮಾತ್ರ ಮನೆಯಿಂದ ಹೊರಗೆ. ದೊಡ್ಡವರ ಮೇಲೂ ದೂರು ಕೊಡಬಹುದು. ಕೋರ್ಚಾಕ್ ಅರ್ಧ ವರ್ಷದಲ್ಲಿ ಐದು ಸಲ ಮಕ್ಕಳ ಮುಂದೆ ವಿಚಾರಣೆಗೆ ನಿಂತರು. ಒಬ್ಬನ ಕಿವಿಗೆ ಹೊಡೆದದ್ದಕ್ಕೆ, ಒಬ್ಬ ಹುಡುಗಿಯನ್ನ ಕಳ್ಳತನದ ಅನುಮಾನದಿಂದ ನೋಡಿದ್ದಕ್ಕೆ, ಹೀಗೆ. ಮಿಖಾವುಫ್ಕಾದ ಕಿವಿ ಇಲ್ಲೂ ಬಂತು ನೋಡಿ! ಕೈ ಪೂರ್ತಿ ಸುಧಾರಿಸಿರಲಿಲ್ಲ. ಆದರೆ ಈಗ ಆ ಕೈಯನ್ನ ಕೇಳಲು ಒಂದು ನ್ಯಾಯಾಲಯ ಇತ್ತು, ಅದರ ಕುರ್ಚಿಯಲ್ಲಿ ಹತ್ತು ವರ್ಷದವರು ಕೂತಿದ್ದರು. ನಮ್ಮ ಎಷ್ಟು ಶಾಲೆಗಳ ಹೆಡ್ ಮಾಸ್ತರು ಇದಕ್ಕೆ ಒಪ್ತಾರೆ?

ಮೊದಲ ಮಹಾಯುದ್ಧದಲ್ಲಿ ಮತ್ತೆ ರಷ್ಯಾದ ಸೇನೆಗೆ ವೈದ್ಯ. ಯುದ್ಧದ ನಡುವೆಯೇ ಮಗುವನ್ನ ಪ್ರೀತಿಸೋದು ಹೇಗೆ ಎಂಬ ದೊಡ್ಡ ಪುಸ್ತಕ ಬರೆದರು. ಅದರ ಒಂದು ಇಡೀ ಭಾಗ ಬೇಸಿಗೆ ಶಿಬಿರಗಳದ್ದು. ಆಮೇಲಿನ ಇಪ್ಪತ್ತು ವರ್ಷವನ್ನ ಬೇಗ ಹೇಳಿಬಿಡ್ತೀನಿ. ಪುಟ್ಟ ರಾಜ ಮ್ಯಾಟ್‌ನ ಕಾದಂಬರಿ ಬಂತು, ಪೋಲೆಂಡಿನ ಮಕ್ಕಳ ಕೈಯಲ್ಲೆಲ್ಲ ಓಡಾಡಿತು. 1926ರ ಅಕ್ಟೋಬರಿನಿಂದ ಒಂದು ಯಹೂದಿ ದಿನಪತ್ರಿಕೆಯ ಶುಕ್ರವಾರದ ಪುರವಣಿಯಾಗಿ ಮಕ್ಕಳೇ ಬರೆಯುವ ಪತ್ರಿಕೆ ಶುರುವಾಯ್ತು. ಮೂವತ್ತರ ದಶಕದಲ್ಲಿ ರೇಡಿಯೋದಲ್ಲಿ ಮುದಿ ಡಾಕ್ಟರ್ ಎಂಬ ಹೆಸರಲ್ಲಿ ಮಾತಾಡಿದರು. ಯಹೂದಿ ಹೆಸರು ಗಾಳಿಯಲ್ಲಿ ತೇಲಬಾರದಲ್ಲ, ಅದಕ್ಕೇ ಆ ಹೆಸರು. ಆದರೂ ಯಹೂದಿ ದ್ವೇಷ ಏರುತ್ತಿದ್ದ ಕಾಲ, 1936ರಲ್ಲಿ ಆ ಕಾರ್ಯಕ್ರಮವೂ ನಿಂತಿತು. 1934 ಮತ್ತು 1936ರಲ್ಲಿ ಪ್ಯಾಲೆಸ್ಟೈನ್‌ಗೆ ಹೋಗಿ ಬಂದರು, ಅಲ್ಲೇ ನೆಲೆಸುವ ಯೋಚನೆ ಬಂದು ಹೋಯ್ತು. ಇವತ್ತು ಇಸ್ರೇಲ್ ಮತ್ತು ಪೋಲೆಂಡ್ ಎರಡೂ ಅವರು ನಮ್ಮವರು ಅಂತಾವೆ. ಬದುಕಿದ್ದಾಗ ಎರಡು ಕಡೆಯವರ ಅನುಮಾನಕ್ಕೂ ಗುರಿಯಾಗಿದ್ದ ಮನುಷ್ಯ.

ಶಿಬಿರ ಮಾತ್ರ ನಿಲ್ಲಲಿಲ್ಲ. 1921ರಲ್ಲಿ ಮಗಳನ್ನ ಕಳೆದುಕೊಂಡ ಒಂದು ಯಹೂದಿ ದಂಪತಿ ಅವಳ ನೆನಪಿಗೆ ವಾರ್ಸಾದ ಹೊರಗೆ ಗೊತ್ಸ್ವಾವೆಕ್‌ನಲ್ಲಿ ಜಮೀನು ದಾನ ಕೊಟ್ಟರು. ಮಗಳ ಹೆಸರು ರೋಸಾ, ಹಾಗಾಗಿ ಜಾಗಕ್ಕೆ ರುಝಿಚ್ಕಾ, ಪುಟ್ಟ ಗುಲಾಬಿ ಅಂತ ಹೆಸರಿಟ್ಟರು. ಕ್ರೊಖ್ಮಾಲ್ನಾ ಬೀದಿಯ ಮಕ್ಕಳಿಗೆ ಪ್ರತಿ ಬೇಸಿಗೆಯೂ ಅಲ್ಲೇ. ತೋಟ, ಹಸು, ಮರ ಹತ್ತೋದು, ಮೊಣಕಾಲು ಕೆರಕೊಳ್ಳೋದು. ಮಗು ಮರದಿಂದ ಬೀಳಬಾರದು ಅಂತ ಬದುಕಲಿಕ್ಕೇ ಬಿಡದ ಪ್ರೀತಿಯನ್ನ ಕೋರ್ಚಾಕ್ ಒಪ್ಪುತ್ತಿರಲಿಲ್ಲ. ಮಗುವಿಗೆ ಅಪಾಯವನ್ನೂ ಎದುರಿಸುವ ಹಕ್ಕಿದೆ ಅನ್ನೋದು ಅವರ ವಾದದಲ್ಲಿ ಎಲ್ಲಕ್ಕಿಂತ ಕಠಿಣವಾದ ಭಾಗ, ಮಕ್ಕಳನ್ನ ದೂರ ಕಳಿಸಲು ಹೆದರುವ ಇಂದಿನ ಅಪ್ಪ ಅಮ್ಮಂದಿರಿಗೂ ಗಂಟಲಲ್ಲಿ ಇಳಿಯದ ಭಾಗ. ಜರ್ಮನ್ ಸೇನೆ ವಾರ್ಸಾ ಹಿಡಿದ ಮೇಲೂ, 1940ರ ಬೇಸಿಗೆಯಲ್ಲಿ, ಹೇಗೋ ಅನುಮತಿ ಗಿಟ್ಟಿಸಿ ಮಕ್ಕಳನ್ನ ರುಝಿಚ್ಕಾಗೆ ಕರೆದೊಯ್ದರು. ಅದೇ ಕೊನೆಯ ಶಿಬಿರ.

1940ರ ನವೆಂಬರಿನಲ್ಲಿ ಘೆಟ್ಟೋ ಬಾಗಿಲು ಮುಚ್ಚಿತು. ಕ್ರೊಖ್ಮಾಲ್ನಾದ ಮನೆ ಬಿಟ್ಟು ಗೋಡೆಯೊಳಗೆ ಹೋಗಬೇಕಾಯ್ತು. ಮಕ್ಕಳ ಆಲೂಗಡ್ಡೆ ಗಾಡಿಯನ್ನ ಜರ್ಮನ್ನರು ಕಿತ್ತುಕೊಂಡಾಗ ಕೋರ್ಚಾಕ್ ನೇರ ಅವರ ಕಚೇರಿಗೇ ಹೋಗಿ ದೂರು ಕೊಟ್ಟರು. ತೋಳಿಗೆ ಯಹೂದಿ ಪಟ್ಟಿ ಕಟ್ಟಿರಲಿಲ್ಲ. ಹೊಡೆದು ಜೈಲಿಗೆ ಹಾಕಿದರು. ಬಿಡುಗಡೆಯಾಗಿ ಬಂದದ್ದು ಬಗ್ಗಿದ ಮುದುಕ. ಮುಂದಿನ ಎರಡು ವರ್ಷದ ಕೆಲಸ ಏನಂದರೆ ದಿನಾ ಚೀಲ ಹಿಡಿದು ಬಾಗಿಲು ಬಾಗಿಲು ತಟ್ಟಿ ಇನ್ನೂರು ಮಕ್ಕಳಿಗೆ ಊಟ ಬೇಡೋದು. ಹೊರಗಿನ ಗೆಳೆಯರು ಸುಳ್ಳು ಗುರುತಿನ ಚೀಟಿ ಕೊಟ್ಟು ಪಾರು ಮಾಡ್ತೀವಿ ಅಂತ ಮತ್ತೆ ಮತ್ತೆ ಕೇಳಿದರು. ಒಪ್ಪಲಿಲ್ಲ.

ಇಲ್ಲಿ ನಮ್ಮ ದೇಶ ಈ ಕತೆಯೊಳಗೆ ಬರುತ್ತೆ. 1942ರ ಜುಲೈ 18ರಂದು ಘೆಟ್ಟೋದ ಆ ಮನೆಯಲ್ಲಿ ಮಕ್ಕಳು ಒಂದು ನಾಟಕ ಆಡಿದರು. ರವೀಂದ್ರನಾಥ ಟ್ಯಾಗೋರರ ಡಾಕ್‌ಘರ್, ಅಂಚೆಮನೆ. ಅಮಲ್ ಎಂಬ ಕಾಯಿಲೆಯ ಹುಡುಗ. ಹೊರಗೆ ಹೋಗಬಾರದು ಅಂತ ವೈದ್ಯರ ಕಟ್ಟಪ್ಪಣೆ. ಕಿಟಕಿಯಲ್ಲಿ ಕೂತು ಮೊಸರು ಮಾರುವವನ ಜೊತೆ, ಕಾವಲುಗಾರನ ಜೊತೆ ಮಾತಾಡ್ತಾನೆ. ಬೆಟ್ಟದಾಚೆಯ ಊರುಗಳ ಕನಸು ಕಾಣ್ತಾನೆ. ರಾಜನಿಂದ ತನಗೊಂದು ಪತ್ರ ಬರುತ್ತೆ ಅಂತ ಕಾಯ್ತಾನೆ. ಕೊನೆಗೆ ರಾಜನ ವೈದ್ಯ ಬಂದು ಬಾಗಿಲು ಕಿಟಕಿಗಳನ್ನೆಲ್ಲ ತೆರೆಸ್ತಾನೆ, ಹುಡುಗ ನಿದ್ದೆ ಹೋಗ್ತಾನೆ. ಬಂಗಾಳದ ಮೊಸರಿನವನ ಕೂಗನ್ನ ಹಸಿದ ಯಹೂದಿ ಮಕ್ಕಳು ಪೋಲಿಷ್ ಭಾಷೆಯಲ್ಲಿ ಕೂಗಿದರು. ಯಾಕೆ ಈ ನಾಟಕ? ಸಾವನ್ನ ಹೆದರದೆ ಎದುರುಗೊಳ್ಳುವುದನ್ನ ಮಕ್ಕಳು ಕಲಿಯಲಿ ಅಂತ ಕೋರ್ಚಾಕ್ ಆರಿಸಿದರು ಎಂದೇ ಹೆಚ್ಚಿನವರು ಓದ್ತಾರೆ. ನನಗೂ ಬೇರೆ ಓದು ಕಾಣ್ತಿಲ್ಲ. ನಿಜವನ್ನ ನೇರ ಹೇಳಲಾಗದ ಜಾಗದಲ್ಲಿ, ಸುಳ್ಳನ್ನೂ ಹೇಳಲು ಒಪ್ಪದವರು ಹುಡುಕಿಕೊಂಡ ದಾರಿ ಅದು.

ನಾಲ್ಕೇ ದಿನಕ್ಕೆ, ಜುಲೈ 22ರಂದು, ಘೆಟ್ಟೋದಿಂದ ಟ್ರೆಬ್ಲಿಂಕಾಗೆ ಸಾಗಿಸೋದು ಶುರುವಾಯ್ತು. ಅದು ಕೋರ್ಚಾಕ್ ಹುಟ್ಟಿದ ದಿನ. ಆಗಸ್ಟ್ ಮೊದಲ ವಾರ, 5 ಅಥವಾ 6ನೇ ತಾರೀಕು, ಬೆಳಿಗ್ಗೆ ಮಕ್ಕಳ ಮನೆಯ ಬಾಗಿಲಿಗೆ ಸೈನಿಕರು ಬಂದರು. ಸುಮಾರು ಇನ್ನೂರು ಮಕ್ಕಳು, ಹತ್ತು ಮಂದಿ ದೊಡ್ಡವರು. ಸಾಲಾಗಿ ನಡೆದು ರೈಲು ನಿಲ್ಲುವ ಜಾಗಕ್ಕೆ ಹೋದರು.

ಹೊರಡುವಾಗ ಮಕ್ಕಳಿಗೆ ಏನು ಹೇಳಿದರು? ಘೆಟ್ಟೋದಿಂದ ಬದುಕಿ ಉಳಿದ ಪಿಯಾನೋ ವಾದಕ ವ್ಲಾಡಿಸ್ಲಾವ್ ಷ್ಪಿಲ್‌ಮನ್ ತಮ್ಮ ನೆನಪಿನಲ್ಲಿ ಬರೆದದ್ದು: ನಾವು ಹಳ್ಳಿಕಡೆಗೆ ಹೋಗ್ತಾ ಇದೀವಿ, ಒಳ್ಳೇ ಬಟ್ಟೆ ಹಾಕ್ಕೊಳ್ಳಿ ಎಂಬರ್ಥದ ಮಾತು ಹೇಳಿದರಂತೆ. ಅಂದರೆ ಮತ್ತೊಂದು ಬೇಸಿಗೆ ಶಿಬಿರಕ್ಕೆ ಹೊರಟ ಹಾಗೆ. 1990ರಲ್ಲಿ ಆಂದ್ರೇ ವಾಯ್ದಾ ಮಾಡಿದ ಸಿನಿಮಾದ ಕೊನೆಯಲ್ಲಿ ರೈಲಿನ ಡಬ್ಬಿ ಕಳಚಿಕೊಂಡು, ಬಾಗಿಲು ತೆರೆದು, ಮಕ್ಕಳು ಹುಲ್ಲುಗಾವಲಿಗೆ ಇಳಿದು ಓಡ್ತಾರೆ. ಸಾವಿಗೆ ಸಿಹಿ ಬಳಿದಿದ್ದಾರೆ ಅಂತ ಆಗ ದೊಡ್ಡ ಜಗಳವೇ ಆಯ್ತು.

ನನಗೆ ಈ ಹಳ್ಳಿಯ ಕತೆಯನ್ನ ಪೂರ್ತಿ ನಂಬಲು ಆಗೋದಿಲ್ಲ. ಆ ಮಕ್ಕಳು ಎರಡು ವರ್ಷ ಘೆಟ್ಟೋದಲ್ಲಿ ಬದುಕಿದವರು, ಬೀದಿಯಲ್ಲಿ ಕಾಗದ ಹೊದಿಸಿದ ಹೆಣಗಳನ್ನ ದಾಟಿ ನಡೆದವರು. ಹತ್ತು ದಿನದಿಂದ ಸುತ್ತಲ ಮನೆಗಳು ಖಾಲಿಯಾಗ್ತಾ ಇರೋದನ್ನ ಕಂಡವರು. ರುಝಿಚ್ಕಾಗೆ ಹೊರಡುವ ಬೆಳಗು ಹೇಗಿರುತ್ತೆ ಅಂತಲೂ ಅವರಿಗೆ ಗೊತ್ತಿತ್ತು. ಜೀವಮಾನವಿಡೀ ಮಕ್ಕಳಿಗೆ ಎಲ್ಲ ಅರ್ಥ ಆಗುತ್ತೆ ಅಂತ ವಾದಿಸಿದವರು ಆ ಒಂದು ಬೆಳಿಗ್ಗೆ ಮಾತ್ರ ಅವರಿಗೆ ಏನೂ ಅರ್ಥ ಆಗಲ್ಲ ಅಂದ್ಕೊಂಡರೇ? ಅಥವಾ ಅರ್ಥ ಆದದ್ದನ್ನ ಎರಡು ಕಡೆಯವರೂ ಬಾಯಿಬಿಟ್ಟು ಹೇಳದೆ, ಒಬ್ಬರಿಗೊಬ್ಬರು ಸಹಾಯ ಮಾಡ್ಕೊಂಡು ನಡೆದರೇ? ಆ ಮನೆಯೊಳಗಿನ ಅವತ್ತಿನ ಮಾತನ್ನ ಹೇಳಲು ಅಲ್ಲಿದ್ದವರಲ್ಲಿ ಯಾರೂ ವಾಪಸ್ ಬರಲಿಲ್ಲ.

ಮಗುವೂ ಈಗಲೇ ಪೂರ್ತಿ ಮನುಷ್ಯ, ಮುಂದೆ ಆಗುವವನಲ್ಲ ಎಂಬ ಅವರ ಮಾತಿನ ತಿರುಳು ಸಾವಿನ ನಂತರ ಕಾನೂನಿನ ಭಾಷೆಗೆ ಬಂತು. 1978ರಲ್ಲಿ ಮಕ್ಕಳ ಹಕ್ಕಿಗೆ ಅಂತಾರಾಷ್ಟ್ರೀಯ ಒಡಂಬಡಿಕೆ ಬೇಕು ಅಂತ ವಿಶ್ವಸಂಸ್ಥೆಯಲ್ಲಿ ಪ್ರಸ್ತಾಪ ಇಟ್ಟದ್ದು ಪೋಲೆಂಡ್. 1989ರಲ್ಲಿ ಅದು ಅಂಗೀಕಾರವಾಯ್ತು. ಭಾರತ 1992ರಲ್ಲಿ ಸೇರಿಕೊಂಡಿತು. ಯಹೂದಿ ಬೇಸಿಗೆ ಶಿಬಿರಗಳ ದೊಡ್ಡ ಲೋಕವೇ ಇರುವ ಅಮೆರಿಕ 1995ರಲ್ಲಿ ಸಹಿ ಹಾಕಿತು, ಇವತ್ತಿನವರೆಗೂ ಸ್ಥಿರೀಕರಿಸಿಲ್ಲ.

ಟ್ರೆಬ್ಲಿಂಕಾದಲ್ಲಿ ಈಗ ಸುಮಾರು 17,000 ಕಲ್ಲುಗಳನ್ನ ನೆಟ್ಟಿದ್ದಾರೆ. ಕೆಲವದರ ಮೇಲೆ ಊರುಗಳ ಹೆಸರಿದೆ, ಹೆಚ್ಚಿನವು ಬರಿಗಲ್ಲು. ಒಬ್ಬ ವ್ಯಕ್ತಿಯ ಹೆಸರಿರುವ ಕಲ್ಲು ಒಂದೇ, ಯಾನುಷ್ ಕೋರ್ಚಾಕ್ ಅವರದ್ದು. ಅದರಲ್ಲಿ ಅವರ ಎರಡೂ ಹೆಸರುಗಳಿವೆ, ಪೋಲಿಷ್ ಗುಪ್ತನಾಮ ಮತ್ತು ಹುಟ್ಟಿನ ಯಹೂದಿ ಹೆಸರು. ಅದರ ಮುಂದೆ ಮತ್ತು ಮಕ್ಕಳು ಅಂತ ಅಷ್ಟೇ ಕೆತ್ತಿದ್ದಾರೆ.